ಮಿದುಳಿಗೆ ಪೆಟ್ಟಾದವರಿಗೆ ಮನೆಯಲ್ಲಿ ಆಟ ಆಡಿಸುವ ಕ್ರಮ: ಸಮಗ್ರ ಮಾರ್ಗದರ್ಶಿ

ತಲೆಗೆ ಪೆಟ್ಟಾಗಿ ಆಸ್ಪತ್ರೆ ಸೇರಿದವರು ಡಿಸ್ಚಾರ್ಜ್ ಆಗುವಾಗ ಮನೆಯವರ ಕಿವಿಗೆ ಬೀಳುವ ಸಲಹೆ ಬಹುತೇಕ ಒಂದೇ ಸಾಲಿನದು: "ಮನೆಯಲ್ಲಿ ತಲೆಗೆ ಸ್ವಲ್ಪ ಕೆಲಸ ಕೊಡಿ, ಆಟ ಆಡಿಸಿ." ಯಾವ ಆಟ, ದಿನಕ್ಕೆ ಎಷ್ಟು ಹೊತ್ತು, ಯಾವಾಗ ನಿಲ್ಲಿಸಬೇಕು ಎಂಬುದನ್ನು ವಿವರಿಸುವಷ್ಟು ಪುರುಸೊತ್ತು ಹೊರರೋಗಿ ವಿಭಾಗದ ಉದ್ದನೆಯ ಸಾಲಿನಲ್ಲಿ ಯಾರಿಗೂ ಇರುವುದಿಲ್ಲ. ಮನೆಗೆ ಬಂದ ಮೇಲೆ ಯಾರೋ ಮೊಬೈಲಿನಲ್ಲಿ ಒಂದು ಆಟ ಹಾಕಿಕೊಡುತ್ತಾರೆ. ತಿಂಗಳೊಪ್ಪತ್ತಿನಲ್ಲಿ ಗಾಯಾಳು ಆ ಆಟದಲ್ಲಿ ಪಳಗುತ್ತಾರೆ, ಆದರೆ ಒಲೆ ಆರಿಸುವುದನ್ನು ಮರೆಯುತ್ತಲೇ ಇರುತ್ತಾರೆ. ಇನ್ನು ಕೆಲವು ಮನೆಗಳಲ್ಲಿ ಮೊದಲ ದಿನವೇ ಚದುರಂಗದ ಮಣೆ ಬಿಚ್ಚಿ, ಹತ್ತು ನಿಮಿಷದಲ್ಲಿ ಜಗಳವಾಗಿ, ಆಟದ ಮಾತೇ ಮನೆಯಿಂದ ಎದ್ದುಹೋಗುತ್ತದೆ.

ಇವೆರಡಕ್ಕೂ ಕಾರಣ ಒಂದೇ, ಕ್ರಮ ತಲೆಕೆಳಗಾಗಿರುವುದು. ಮೊದಲು ಆರಿಸಬೇಕಾದದ್ದು ಗಾಯಾಳು ಮತ್ತೆ ತಾವಾಗಿ ಮಾಡಬೇಕಾದ ಒಂದು ದಿನನಿತ್ಯದ ಕೆಲಸವನ್ನು. ಆ ಕೆಲಸ ಕೆಡುತ್ತಿರುವುದು ಯಾವ ಶಕ್ತಿ ಕುಂದಿರುವುದರಿಂದ ಎಂದು ನೋಡುವುದು ಅನಂತರದ ಮಾತು, ಆಟದ ಆಯ್ಕೆ ಎಲ್ಲಕ್ಕಿಂತ ಕೊನೆಯದು. ಕೆಳಗಿನ ಹಂತಗಳು ಇದೇ ಕ್ರಮದಲ್ಲಿವೆ. ಇವು ದಿನನಿತ್ಯದ ಕೆಲಸಗಳನ್ನು ಮತ್ತೆ ರೂಢಿಸುವ ಆಕ್ಯುಪೇಷನಲ್ ಥೆರಪಿಸ್ಟ್ ಅಥವಾ ನೆನಪು, ಗಮನದಂಥ ಮಿದುಳಿನ ಶಕ್ತಿಗಳನ್ನು ಪರೀಕ್ಷಿಸುವ ನ್ಯೂರೋಸೈಕಾಲಜಿಸ್ಟ್ ಅವರ ಚಿಕಿತ್ಸೆಗೆ ಬದಲಿಯಲ್ಲ. ಅವರ ಎರಡು ಭೇಟಿಗಳ ನಡುವಿನ ದಿನಗಳಿಗೆ ಬರೆದದ್ದು.

## ಹಂತ 1: ಆಟ ಆರಂಭಿಸುವ ಕಾಲ ಬಂದಿದೆಯೇ ಎಂದು ನೋಡಿ

ತೀವ್ರ ಪೆಟ್ಟಿನ ನಂತರ, ಎಚ್ಚರವಿದ್ದರೂ ಹೊಸದೇನೂ ನೆನಪಿನಲ್ಲಿ ನಿಲ್ಲದ ಒಂದು ಅವಧಿ ಇರುತ್ತದೆ. ಬೆಳಿಗ್ಗೆ ಬಂದು ಪಕ್ಕದಲ್ಲೇ ಕುಳಿತಿರುವ ಅಕ್ಕನನ್ನು ಮಧ್ಯಾಹ್ನ "ನೀನು ಯಾವಾಗ ಬಂದೆ?" ಎಂದು ಕೇಳುವುದು, ಆಸ್ಪತ್ರೆಯನ್ನು ಬಸ್ ನಿಲ್ದಾಣವೆಂದು ತಿಳಿಯುವುದು ಇದರ ಗುರುತು. ಈ ಅವಧಿಯಲ್ಲಿ ಆಟ ಬೇಡ, ಪರೀಕ್ಷೆಯೂ ಬೇಡ. ಮಂದ ಬೆಳಕು, ಕಡಿಮೆ ಜನ, ಒಂದೇ ದಿನಚರಿ ಇಷ್ಟೇ ಸಾಕು. ಇದು ಮುಗಿಯುವ ಮೊದಲೇ ಆಟ ಹಚ್ಚಿದರೆ ಸಿಟ್ಟು, ಗೊಂದಲ ಹೆಚ್ಚುತ್ತದೆ. ಎಲ್ಲಿದ್ದೇವೆ, ಯಾವ ತಿಂಗಳು, ನಿನ್ನೆ ಯಾರು ಬಂದಿದ್ದರು ಎಂಬ ಪ್ರಶ್ನೆಗಳಿಗೆ ಸತತ ಮೂರು ದಿನ ಸರಿಯುತ್ತರ ಬಂದ ಮೇಲೆ ವೈದ್ಯರನ್ನು ಕೇಳಿ ಮುಂದುವರಿಯಿರಿ.

ಡಿಸ್ಚಾರ್ಜ್ ಸಾರಾಂಶದಲ್ಲಿ ಎಚ್ಚರದ ಮಟ್ಟವನ್ನು ಹೇಳುವ ಜಿಸಿಎಸ್ ಎಂಬ ಅಂಕ ಇರುತ್ತದೆ. ಅದು 3ರಿಂದ 15ರವರೆಗಿನ ಅಳತೆ: ಆಸ್ಪತ್ರೆಗೆ ಬಂದಾಗ 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಪೆಟ್ಟು ತೀವ್ರ, 9ರಿಂದ 12 ಮಧ್ಯಮ, 13ರಿಂದ 15 ಲಘು. ಲಘು ಪೆಟ್ಟಿನವರಿಗೂ ಮೊದಲ 24ರಿಂದ 48 ಗಂಟೆ ವಿಶ್ರಾಂತಿ ಬೇಕು, ಆ ಹೊತ್ತಿನಲ್ಲಿ ಮೊಬೈಲು, ಟಿವಿ ನೋಡುವುದು ಆದಷ್ಟು ಕಡಿಮೆಯಿರಬೇಕು.

ವೈದ್ಯರಲ್ಲಿ ಮೂರು ವಿಷಯಗಳನ್ನು ಬಾಯಿಬಿಟ್ಟು ಕೇಳಿಕೊಳ್ಳಿ. ಫಿಟ್ಸ್ ಬರುವ ಸಂಭವ ಇದೆಯೇ, ಇದ್ದರೆ ಮಿನುಗುವ ಪರದೆಯ ಆಟಗಳನ್ನು ದೂರವಿಡಬೇಕೇ? ನುಂಗಲು ತೊಂದರೆ ಇದೆಯೇ? ಊತ ಇಳಿಯಲೆಂದು ತಲೆಬುರುಡೆಯ ಮೂಳೆಯನ್ನು ತೆಗೆದಿಟ್ಟಿದ್ದಾರೆಯೇ? ಮೂಳೆ ತೆಗೆದಿದ್ದರೆ ಅದನ್ನು ಮತ್ತೆ ಕೂರಿಸುವವರೆಗೆ ಎದ್ದು ಓಡಾಡುವ ಆಟ, ಚೆಂಡೆಸೆಯುವ ಆಟ ಯಾವುದೂ ಕೂಡದು. ಓಡಾಡುವಾಗ ಹೇಳಿಕೊಟ್ಟ ಹೆಲ್ಮೆಟ್ ತಲೆಯ ಮೇಲೆ ಇರಲೇಬೇಕು.

## ಹಂತ 2: ಎರಡು ದಿನ ಸುಮ್ಮನೆ ಗಮನಿಸಿ, ಒಂದು ಕೆಲಸ ಆರಿಸಿ

ಈ ಹಂತವನ್ನು ಹಾರಿಸುವವರೇ ಹೆಚ್ಚು, ಸೋಲುವುದೂ ಇಲ್ಲಿಯೇ. "ಜ್ಞಾಪಕಶಕ್ತಿ ಹೋಗಿದೆ" ಎಂದು ಮನೆಯವರು ಹೇಳುವ ಹತ್ತು ಸಂದರ್ಭಗಳಲ್ಲಿ ಹಲವು ನಿಜವಾಗಿ ಗಮನದ ತೊಂದರೆಗಳು: ತಲೆಗೆ ಹೋಗದೇ ಇದ್ದದ್ದು ನೆನಪಿನಲ್ಲಿ ಉಳಿಯುವುದಾದರೂ ಹೇಗೆ?

ಚಹಾ ಮಾಡುವುದನ್ನೇ ತೆಗೆದುಕೊಳ್ಳಿ. ನೀವು ಪಕ್ಕದಲ್ಲಿ ನಿಂತು, ಮಾತಾಡದೆ, ಕೈ ಹಾಕದೆ ನೋಡಬೇಕು. ಒಲೆಯ ಮುಂದೆಯೇ ನಿಂತಿದ್ದರೂ ಹೊರಗೆ ಹಾರ್ನ್ ಕೇಳಿದ ಕಡೆ ತಿರುಗಿ, ಹಾಲು ಉಕ್ಕಿದ್ದು ಗೊತ್ತಾಗದಿದ್ದರೆ ಅದು ಗಮನದ ಕೊರತೆ. ಸಕ್ಕರೆ ಹಾಕಿದ ಮೇಲೆ "ಹಾಕಿದೆನೋ ಇಲ್ಲವೋ" ಎಂದು ಮತ್ತೊಮ್ಮೆ ಹಾಕಿದರೆ ಇತ್ತೀಚಿನ ನೆನಪಿನ ಕೊರತೆ. ಪಾತ್ರೆಗೆ ನೀರು ಬೀಳುವ ಮೊದಲೇ ಪುಡಿ ಸುರಿದರೆ, ಅಥವಾ ಎಲ್ಲವೂ ಗೊತ್ತಿದ್ದೂ ಆರಂಭಿಸಲಾಗದೆ ನಿಂತರೆ, ಯೋಜನೆಯ ಕೊರತೆ. ಎಡಗಡೆ ಇಟ್ಟ ಲೋಟ ಕಣ್ಣಿಗೇ ಬೀಳದೆ ಬಲಗಡೆಯ ಲೋಟಕ್ಕಷ್ಟೇ ಸೋಸಿದರೆ, ಮಿದುಳಿನ ಬಲಭಾಗಕ್ಕೆ ಪೆಟ್ಟಾದವರಲ್ಲಿ ಕಾಣುವ ಎಡಪಕ್ಕದ ಅಲಕ್ಷ್ಯ ಇರಬಹುದು. ಊಟದ ತಟ್ಟೆಯ ಎಡ ಅರ್ಧ ಹಾಗೇ ಉಳಿಯುವುದು, ಎಡಗಡೆಯ ಬಾಗಿಲ ಚೌಕಟ್ಟಿಗೆ ಭುಜ ತಾಗುವುದು ಇದರದೇ ಗುರುತು. ಇಲ್ಲಿ ಕಣ್ಣಿನ ದೋಷವಿರಲೇಬೇಕೆಂದಿಲ್ಲ. ಎಡಗಡೆ ಎಂಬುದೊಂದು ಇದೆ ಎಂಬ ಗಮನವೇ ಹೋಗಿರುತ್ತದೆ. ಎರಡೂ ಒಟ್ಟಿಗೆ ಇರುವುದೂ ಉಂಟು, ಆದ್ದರಿಂದ ಕಣ್ಣಿನ ಪರೀಕ್ಷೆಯೂ ಆಗಲಿ.

ಆಸ್ಪತ್ರೆಯಲ್ಲಿ ನೆನಪು, ಗಮನ, ಯೋಜನೆ ಮುಂತಾದವನ್ನು ಅಳೆಯುವ ಮೋಕಾ ಎಂಬ 30 ಅಂಕಗಳ ಪರೀಕ್ಷೆ ಮಾಡಿದ್ದರೆ ಅದರ ಹಾಳೆಯನ್ನು ಕೇಳಿ ಪಡೆಯಿರಿ. ಒಟ್ಟು ಅಂಕಕ್ಕಿಂತ ಯಾವ ಭಾಗದಲ್ಲಿ ಅಂಕ ಹೋಗಿದೆ ಎಂಬುದೇ ನಿಮಗೆ ಉಪಯೋಗಕ್ಕೆ ಬರುವುದು. ಮಾತೇ ಹೊರಡದವರಿಗೆ, ಪದ ತಪ್ಪಿ ಬರುವವರಿಗೆ ಈ ಮಾರ್ಗದರ್ಶಿ ಸಾಲದು. ಅವರಿಗೆ ವಾಕ್ ಚಿಕಿತ್ಸಕರು ಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮತ್ತು ಬೆಂಗಳೂರಿನ ನಿಮ್ಹಾನ್ಸ್ ಎರಡರಲ್ಲೂ ಈ ಸೇವೆಯಿದೆ.

ಗಮನಿಸಿದ ಮೇಲೆ ಒಂದೇ ಒಂದು ಗುರಿಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಿರಿ. "ನೆನಪು ಸುಧಾರಿಸಬೇಕು" ಎಂಬುದು ಗುರಿಯಲ್ಲ. "ಬೇರೆಯವರು ನೆನಪಿಸದೆ ಇಬ್ಬರಿಗೆ ಚಹಾ ಮಾಡಿ ಒಲೆ ಆರಿಸುವುದು" ಎಂಬುದು ಗುರಿ. ಅದನ್ನು ಗಾಯಾಳುವೇ ಆರಿಸಿದರೆ ಅರ್ಧ ಕೆಲಸ ಆದಂತೆ.

## ಹಂತ 3: ಸಾಮಾನು ಮತ್ತು ಜಾಗ

ಬೇಕಾದದ್ದು ಸ್ವಲ್ಪವೇ: ಕಣ್ಣೆದುರಿಗೆ ಗೋಡೆ ಗಡಿಯಾರ, ಒಂದು ನೋಟ್‌ಬುಕ್, ಒಂದು ಕಟ್ಟು ಇಸ್ಪೀಟು ಎಲೆ, ಸೀಮೆಸುಣ್ಣ ಅಥವಾ ದಪ್ಪ ರಟ್ಟು, ಎರಡು ಬಣ್ಣದ ಬಾಟಲಿ ಮುಚ್ಚಳಗಳು, ಕೆಂಪು ಟೇಪು. ಮಣೆಯ ಮನೆಗಳು ಅಂಗೈ ಅಗಲವಿರಲಿ. ನಡುಗುವ ಕೈಗೆ ಸಣ್ಣ ಕಾಯಿ ಹಿಡಿಸುವುದಿಲ್ಲ. ಆಗ ಸೋಲುವುದು ಬೆರಳು, ಮನೆಯವರು ಅದನ್ನು ಬುದ್ಧಿಯ ಸೋಲೆಂದು ಬರೆದುಕೊಳ್ಳುತ್ತಾರೆ.

ಅಳಗುಳಿಮಣೆಗೆ ಹಳೆಯ ಮನೆಗಳಲ್ಲಿ ಗುಲಗಂಜಿ ಇಟ್ಟಿರುತ್ತಾರೆ. ಅದನ್ನು ತೆಗೆದುಬಿಡಿ. ಗುಲಗಂಜಿಯ ಬೀಜ ಜಗಿದು ನುಂಗಿದರೆ ಪ್ರಾಣಕ್ಕೇ ಅಪಾಯ, ಮತ್ತು ಮಿದುಳಿನ ಮುಂಭಾಗಕ್ಕೆ ಪೆಟ್ಟಾದವರು ಕೈಗೆ ಸಿಕ್ಕಿದ್ದನ್ನು ಬಾಯಿಗಿಡುವುದುಂಟು. ನುಂಗುವ ತೊಂದರೆ ಇರುವವರ ಮುಂದೆ ಹುಣಸೆ ಬೀಜ, ಕವಡೆಯೂ ಬೇಡ. ಅವರಿಗೆ ಮುಚ್ಚಳಗಳೂ ಒಂದು ದೊಡ್ಡ ದಾಳವೂ ಸಾಕು.

ಜಾಗದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಟಿವಿ ಆರಿಸಿ, ಕುಕ್ಕರಿನ ಸೀಟಿ ಕೇಳದ ಕೋಣೆ ಹಿಡಿಯಿರಿ, ಬೆನ್ನಿಗೆ ಆಸರೆಯಿರುವ ಕುರ್ಚಿ ಕೊಡಿ, ಕನ್ನಡಕ ಹಾಕಿಸಿ. ಬೆಳಗಿನ ತಿಂಡಿಯಾದ ಮೇಲಿನ ಹೊತ್ತು ಬಹಳ ಜನರಿಗೆ ಒಗ್ಗುತ್ತದೆ. ಫಿಟ್ಸ್ ಮಾತ್ರೆಯ ನಂತರ ತೂಕಡಿಕೆ ಬರುವವರಿಗೆ ಮಾತ್ರ ಹೊತ್ತು ಬದಲಿಸಿಕೊಳ್ಳಿ, ಮಾತ್ರೆಯನ್ನಲ್ಲ.

## ಹಂತ 4: ಕುಂದಿದ ಶಕ್ತಿಗೆ ತಕ್ಕ ಆಟ

ಮೊದಲ ನಿಯಮವೆಂದರೆ ಪೆಟ್ಟಾಗುವ ಮೊದಲೇ ಆಡಿ ಗೊತ್ತಿದ್ದ ಆಟವನ್ನೇ ಹಿಡಿಯುವುದು. ಹಳೆಯ ಆಟದ ನಿಯಮಗಳು ಹೆಚ್ಚಾಗಿ ಉಳಿದಿರುತ್ತವೆ. ಹೊಸ ಆಟದಲ್ಲಿ ನಿಯಮ ಕಲಿಯುವುದರಲ್ಲೇ ಇದ್ದ ಶಕ್ತಿಯೆಲ್ಲ ಮುಗಿಯುತ್ತದೆ. ಎರಡನೆಯದು, ಎರಡು ವಾರಕ್ಕೆ ಒಂದೇ ಆಟ.

ಗಮನಕ್ಕೆ ಇಸ್ಪೀಟು ಎಲೆಗಳಿಗಿಂತ ಅಗ್ಗದ ಸಾಧನವಿಲ್ಲ. ಮೊದಲು 52 ಎಲೆಗಳನ್ನು ಕೆಂಪು, ಕಪ್ಪು ಎಂದು ಬೇರ್ಪಡಿಸಲಿ. ಅನಂತರ ನೀವು ಒಂದೊಂದೇ ಎಲೆ ಇಡುತ್ತ ಹೋಗಿ, ರಾಜ ಬಂದಾಗ ಮಾತ್ರ ಅವರು ಮೇಜು ತಟ್ಟಲಿ. ಇನ್ನೊಂದು ಮೆಟ್ಟಿಲು ಮೇಲೆ, ನೀವು "ಬದಲಿಸಿ" ಎಂದಾಗ ಬಣ್ಣದ ಬದಲು ಅಂಕಿಯ ಪ್ರಕಾರ ಬೇರ್ಪಡಿಸುವುದು.

ನೆನಪಿಗೆ ಎಲೆ ಮಗುಚಿಟ್ಟು ಜೋಡಿ ಹುಡುಕುವ ಆಟ. ಹನ್ನೆರಡು ಎಲೆಯಿಂದ ಆರಂಭಿಸಬೇಡಿ, ಆರರಿಂದ ಆರಂಭಿಸಿ. ಯೋಜನೆಗೆ ಹುಲಿ-ಕುರಿ ಆಟ ಸರಿಯಾದದ್ದು, ಅದರಲ್ಲೂ ಗಾಯಾಳು ಕುರಿಗಳ ಕಡೆ ಇರಬೇಕು: ಮೂರು ಹುಲಿಗಳನ್ನು ಕಟ್ಟಿಹಾಕಲು ಹದಿನೈದು ಕುರಿಗಳನ್ನು ಒಂದೊಂದಾಗಿ ಇಡುವಾಗ, ಹುಲಿ ಎಲ್ಲಿಂದ ಹಾರಬಹುದೆಂದು ತಡೆದು ಯೋಚಿಸದೆ ವಿಧಿಯಿಲ್ಲ. ಅವಸರದಲ್ಲಿ ಕೈ ಮುಂದೆ ಹೋಗುವವರಿಗೆ ಇದಕ್ಕಿಂತ ನೇರವಾದ ಪಾಠ ನನಗೆ ತಿಳಿದಂತೆ ಇಲ್ಲ. ಪದ ಬೇಗ ನೆನಪಾಗದವರಿಗೆ ಅಂತ್ಯಾಕ್ಷರಿ, ಅಥವಾ ಒಂದು ನಿಮಿಷದಲ್ಲಿ ತರಕಾರಿಯ ಹೆಸರು ಹೇಳುವ ಆಟ. ಅಳಗುಳಿಮಣೆಯ ಹದಿನಾಲ್ಕು ಗುಳಿಗಳಲ್ಲಿ ಬೀಜ ಹಂಚುತ್ತ ಹೋಗುವುದು ಎಣಿಕೆಗೂ ಕೈಯ ನಯಕ್ಕೂ ಒಳ್ಳೆಯದು.

ಎಡಪಕ್ಕದ ಅಲಕ್ಷ್ಯಕ್ಕೂ, ಗಮನ ಹಂಚುವುದಕ್ಕೂ ನಾನು ಹೆಚ್ಚಾಗಿ ಹಿಡಿಯುವುದು ಚೌಕಾಬಾರವನ್ನು. ಅದರ ಮೆಟ್ಟಿಲುಗಳನ್ನು ಆರನೆಯ ಹಂತದಲ್ಲಿ ವಿವರವಾಗಿ ಕೊಟ್ಟಿದ್ದೇನೆ.

## ಹಂತ 5: ಒಂದು ಕೂಟವನ್ನು ನಡೆಸುವ ರೀತಿ

ಮೊದಲ ವಾರ ಹತ್ತು ನಿಮಿಷ, ದಿನಕ್ಕೆ ಎರಡು ಸಲ. ಇಪ್ಪತ್ತು ನಿಮಿಷ ದಾಟಿಸಲು ಆತುರ ಬೇಡ. ಮಿದುಳಿನ ದಣಿವು ಮೈದಣಿವಿನ ಹಾಗೆ ಮೆಲ್ಲಗೆ ಬರುವುದಿಲ್ಲ, ಕರೆಂಟ್ ಹೋದ ಹಾಗೆ ಥಟ್ಟನೆ ಬರುತ್ತದೆ. ಅದು ಬರುವ ಮೊದಲೇ, ಇನ್ನೂ ಚೆನ್ನಾಗಿ ಆಡುತ್ತಿರುವಾಗಲೇ ನಿಲ್ಲಿಸಬೇಕು.

ಕೂಟದ ಆರಂಭದಲ್ಲಿ ಒಂದು ಪ್ರಶ್ನೆ ಕೇಳಿ: "ಅಣ್ಣ, ಇವತ್ತು ಎಷ್ಟು ಜೋಡಿ ಸಿಗಬಹುದು?" ಉತ್ತರವನ್ನು ಬರೆದಿಡಿ. ಮುಗಿದ ಮೇಲೆ ನಿಜವಾಗಿ ಸಿಕ್ಕಿದ್ದನ್ನು ಅವರೇ ಪಕ್ಕದಲ್ಲಿ ಬರೆಯಲಿ. ತಮಗೇನೂ ಆಗಿಲ್ಲ ಎಂದು ನಂಬಿರುವ ಗಾಯಾಳುವಿಗೆ ನೀವು ನೂರು ಸಲ ಹೇಳಿದರೂ ತಲುಪದ ಮಾತು, ಆರು ಎಂದು ತಾವೇ ಹೇಳಿ ಎರಡು ಸಿಕ್ಕಿದ ಆ ಎರಡು ಅಂಕಿಗಳಿಂದ ತಲುಪುತ್ತದೆ. ಅಲ್ಲಿ ನೀವು ಮಾತು ಸೇರಿಸಬೇಡಿ; "ನೋಡಿದೆಯಾ" ಎಂಬ ಒಂದು ಮಾತು ಸಾಕು, ಎಲ್ಲ ಕೆಡಲು.

ನೆನಪಿನ ಕೊರತೆ ತೀವ್ರವಾಗಿದ್ದರೆ ತಪ್ಪು ಮಾಡಿ ಕಲಿಯಲಿ ಎಂಬ ಶಾಲೆಯ ರೂಢಿಯನ್ನು ಬಿಡಿ. ಅಂಥವರಿಗೆ ತಾವು ಮಾಡಿದ ತಪ್ಪು ತಪ್ಪೆಂದು ನೆನಪಿರುವುದಿಲ್ಲ, ಕೈ ಮಾತ್ರ ಅದನ್ನೇ ಕಲಿತುಬಿಡುತ್ತದೆ. ನ್ಯೂರೋಸೈಕಾಲಜಿಸ್ಟ್ ಬಾರ್ಬರಾ ವಿಲ್ಸನ್ ಮತ್ತು ಸಂಗಡಿಗರು 1994ರಲ್ಲಿ ತೋರಿಸಿದ್ದು ಇದನ್ನೇ: ಊಹಿಸಲು ಬಿಡದೆ ಸರಿಯುತ್ತರವನ್ನೇ ಮೊದಲು ಕೊಟ್ಟಾಗ ನೆನಪಿನ ತೊಂದರೆ ಇರುವವರು ಹೆಚ್ಚು ಉಳಿಸಿಕೊಳ್ಳುತ್ತಾರೆ. ಆದ್ದರಿಂದ ಮೊದಲು ನೀವೇ ಎಲೆ ತೆರೆದು ತೋರಿಸಿ, ಕೂಡಲೇ ಅವರಿಂದ ತೆರೆಸಿ. ಮುಂದಿನ ಸಲ ಅರ್ಧ ಸುಳಿವು, ಆಮೇಲೆ ಬರೀ ಬೆರಳಿನ ಸನ್ನೆ. ಕೇಳುವ ಅಂತರವನ್ನೂ ಹಿಗ್ಗಿಸುತ್ತ ಹೋಗಿ: ಅರ್ಧ ನಿಮಿಷ, ಒಂದು, ಎರಡು, ನಾಲ್ಕು. ಗಮನದ ತೊಂದರೆ ಮಾತ್ರ ಇರುವವರಿಗೆ ಇದು ಬೇಕಿಲ್ಲ; ಅವರು ತಪ್ಪು ಮಾಡಿ, ತಾವೇ ಹಿಡಿದು ತಿದ್ದಿಕೊಳ್ಳುವುದೇ ಒಳ್ಳೆಯದು.

ನೋಟ್‌ಬುಕ್ಕಿನಲ್ಲಿ ಪ್ರತಿ ಕೂಟಕ್ಕೆ ಒಂದು ಸಾಲು: ತಾರೀಖು, ಹೊತ್ತು, ಮೆಟ್ಟಿಲು, ನಿಮಿಷ, ತಪ್ಪು, ನೀವು ಕೊಟ್ಟ ಸುಳಿವು, ಸೊನ್ನೆಯಿಂದ ಹತ್ತರ ಅಳತೆಯಲ್ಲಿ ದಣಿವು. ಗೆದ್ದವರು ಯಾರು ಎಂಬ ಕಾಲಂ ಬೇಡ.

## ಹಂತ 6: ಕಷ್ಟವನ್ನು ಏರಿಸುವುದು, ಚೌಕಾಬಾರದ ಮೆಟ್ಟಿಲುಗಳು

ಏರಿಸುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು: ಕಾಯಿಯೋ, ನಿಯಮವೋ, ವೇಗವೋ, ಸುತ್ತಲಿನ ಸದ್ದೋ. ಎರಡನ್ನು ಒಟ್ಟಿಗೆ ಬದಲಿಸಿದರೆ ಎಡವಿದ್ದು ಎಲ್ಲಿ ಎಂದು ನಿಮಗೇ ತಿಳಿಯುವುದಿಲ್ಲ. ಹತ್ತು ಸರದಿಯಲ್ಲಿ ಎಂಟು ಸರಿಯಾಗಿ, ಹೀಗೆ ಸತತ ಮೂರು ಕೂಟ ನಡೆದರೆ ಒಂದು ಮೆಟ್ಟಿಲು ಮೇಲೆ. ಐದಕ್ಕಿಂತ ಕಡಿಮೆಯಾದರೆ ಮಾತಿಲ್ಲದೆ ಒಂದು ಕೆಳಗೆ ಎಂಬುದು ನಾನು ಅನುಸರಿಸುವ ಲೆಕ್ಕ.

1. ಇಬ್ಬರು ಆಟಗಾರರು, ತಲಾ ಒಂದೇ ಕಾಯಿ, ಐದಕ್ಕೈದು ಮಣೆಯ ಹೊರಸುತ್ತಿನ 16 ಮನೆಗಳು ಮಾತ್ರ. ಕಡಿಯುವುದಿಲ್ಲ. ಬಿದ್ದ ಕವಡೆಯನ್ನು ಬಾಯಿಬಿಟ್ಟು ಎಣಿಸಿ, ಕಾಯಿಯನ್ನು ಬಾಯಿಬಿಟ್ಟು ಎಣಿಸಿ ನಡೆಸಬೇಕು.

2. ತಲಾ ಎರಡು ಕಾಯಿ. ಈಗ ಯಾವುದನ್ನು ನಡೆಸುವುದು ಎಂಬ ಆಯ್ಕೆ ಬಂತು. ನಡೆಸುವ ಮೊದಲು ಕಾರಣ ಹೇಳಲಿ.

3. ಕಡಿಯುವುದು ಮತ್ತು ಗುರುತು ಹಾಕಿದ ಮನೆಯಲ್ಲಿ ಕಾಯಿ ಸುರಕ್ಷಿತ ಎಂಬ ನಿಯಮ.

4. ನಾಲ್ಕೂ ಕವಡೆ ಮೇಲಾದರೆ ಚೌಕ ಎಂದರೆ ನಾಲ್ಕು, ನಾಲ್ಕೂ ಬೋರಲಾದರೆ ಬಾರ ಎಂದರೆ ಎಂಟು, ಎರಡಕ್ಕೂ ಇನ್ನೊಂದು ಸಲ ಹಾಕುವ ಅವಕಾಶ. ಮೊದಲ ಎಣಿಕೆಯನ್ನು ತಲೆಯಲ್ಲಿಟ್ಟುಕೊಂಡು ಎರಡನೆಯದನ್ನು ಹಾಕಬೇಕಾದ್ದರಿಂದ ಇಲ್ಲಿ ಬಹಳ ಜನ ವಾರಗಟ್ಟಲೆ ನಿಲ್ಲುತ್ತಾರೆ. ನಿಲ್ಲಲಿ ಬಿಡಿ.

5. ಒಳಸುತ್ತು. ಹೊರಸುತ್ತಿನಲ್ಲಿ ಹೋದ ದಿಕ್ಕು ಇಲ್ಲಿ ತಿರುಗುತ್ತದೆ. ರೂಢಿಯಾದದ್ದನ್ನು ತಡೆದು ಹೊಸದಕ್ಕೆ ಹೊರಳುವ ಶಕ್ತಿಯ ಪರೀಕ್ಷೆ ಇದು. ತಿರುವಿನ ಮನೆಯಲ್ಲಿ ಸೀಮೆಸುಣ್ಣದಿಂದ ಬಾಣ ಬರೆದು, ವಾರದ ನಂತರ ಅಳಿಸಿ.

6. ನಾಲ್ಕು ಕಾಯಿ, ಹಿನ್ನೆಲೆಯಲ್ಲಿ ರೇಡಿಯೋ. ಕೊನೆಗೆ, ಆಟದ ನಡುವೆ ಒಂದು ಫೋನ್ ಕರೆಗೆ ಉತ್ತರಿಸಿ ಬಂದು "ಯಾರ ಸರದಿ?" ಎಂದು ತಾವೇ ಹೇಳುವುದು.

ಎಡಪಕ್ಕದ ಅಲಕ್ಷ್ಯ ಇರುವವರಿಗೆ ಮಣೆಯ ಎಡ ಅಂಚಿನುದ್ದಕ್ಕೂ ಕೆಂಪು ಟೇಪು ಅಂಟಿಸಿ, ಕವಡೆ ಹಾಕುವ ಮೊದಲು ಪ್ರತಿ ಸಲವೂ ಟೇಪನ್ನು ಬೆರಳಿನಿಂದ ಮುಟ್ಟಬೇಕೆಂಬ ಕಟ್ಟುಪಾಡು ಮಾಡಿ. ಒಬ್ಬ ಹಿರಿಯರೊಂದಿಗೆ ಆಡುವಾಗ ಅವರ ಎರಡು ಕಾಯಿಗಳು ಎಡ ಅಂಚಿನಲ್ಲಿ ಕೂತೇ ಇದ್ದವು. ಅವರು ಬಲಗಡೆಯ ಒಂದನ್ನೇ ನಡೆಸುತ್ತ, ಉಳಿದವನ್ನು ನಾನು ಕದ್ದಿದ್ದೇನೆಂದು ಗದರಿದರು. ನಾನು ಮಣೆಯನ್ನು ತಿರುಗಿಸಿ ತೋರಿಸಲಿಲ್ಲ. ಟೇಪು ಮುಟ್ಟಿಸಿದೆ. ಬೆರಳು ಅಂಚಿನ ತನಕ ಹೋಗಿ ಅಲ್ಲಿದ್ದ ಮುಚ್ಚಳಕ್ಕೆ ತಾಗಿದಾಗ ಅವರು ಒಂದು ಕ್ಷಣ ಸುಮ್ಮನಾಗಿ, "ಇಲ್ಲೇ ಇತ್ತೇನೋ ಇದು?" ಎಂದರು. ಮಣೆ ತಿರುಗಿಸಿದ್ದರೆ ಆಟ ಸುಗಮವಾಗುತ್ತಿತ್ತು, ಕಲಿಕೆ ನಿಲ್ಲುತ್ತಿತ್ತು.

## ಹಂತ 7: ಮಣೆಯಿಂದ ಅಡುಗೆಮನೆಗೆ

ಆಟದಲ್ಲಿ ಬಂದದ್ದು ತಾನಾಗಿ ಬದುಕಿಗೆ ಹರಿಯುವುದಿಲ್ಲ; ಕೈಹಿಡಿದು ದಾಟಿಸಬೇಕು. ಅದಕ್ಕೆ ಉಪಾಯ, ಎರಡೂ ಕಡೆ ಒಂದೇ ಸೂಚನೆಯ ಮಾತನ್ನು ಬಳಸುವುದು. ಹುಲಿ-ಕುರಿ ಆಟದಲ್ಲಿ ಪ್ರತಿ ನಡೆಗೂ ಮೊದಲು "ನಿಲ್ಲು, ನೋಡು, ಮಾಡು" ಎಂದು ಗಾಯಾಳು ತಾವೇ ಹೇಳಿಕೊಳ್ಳುವುದನ್ನು ರೂಢಿಸಿದ್ದರೆ, ಒಲೆಯ ಮುಂದೆಯೂ ಅದೇ ಮೂರು ಮಾತು. ಚೌಕಾಬಾರದಲ್ಲಿ ಟೇಪು ಮುಟ್ಟಿದವರಿಗೆ ಊಟದ ತಟ್ಟೆಯ ಎಡ ಅಂಚಿಗೂ, ಕನ್ನಡಿಯ ಎಡ ಅಂಚಿಗೂ ಅದೇ ಕೆಂಪು ಟೇಪು.

ಪ್ರತಿ ಕೂಟದ ಬೆನ್ನಲ್ಲೇ, ವಿರಾಮದ ನಂತರ, ಮೊದಲ ಪುಟದ ಗುರಿಯ ಒಂದು ತುಣುಕನ್ನು ಮಾಡಿಸಿ. ಚಹಾದ ಆರು ಹೆಜ್ಜೆಗಳನ್ನು ಆರು ಚೀಟಿಗಳಲ್ಲಿ ಬರೆದು ಇಸ್ಪೀಟು ಎಲೆಯಂತೆ ಕಲೆಸಿ, ಕ್ರಮವಾಗಿ ಜೋಡಿಸಲಿ. ಅನಂತರ ನಿಜವಾಗಿ ಮಾಡಲಿ, ನೀವು ಪಕ್ಕದಲ್ಲಿರಿ. ವಾರಕ್ಕೊಮ್ಮೆ ಒಂದು ಚೀಟಿ ತೆಗೆಯುತ್ತ ಬನ್ನಿ. "ಒಲೆ ಆರಿಸು" ಎಂಬುದು ಮಾತ್ರ ಕೊನೆಯವರೆಗೂ ಗೋಡೆಯ ಮೇಲಿರಲಿ.

## ಮೊಬೈಲ್ ಆಟಗಳ ವಿಷಯ

ಕೇಳುವವರು ಹೆಚ್ಚಾದ್ದರಿಂದ ಪ್ರತ್ಯೇಕವಾಗಿ ಹೇಳುತ್ತೇನೆ. ಮಿದುಳಿನ ಪೆಟ್ಟಿನ ನಂತರದ ಪುನಶ್ಚೇತನಕ್ಕೆ ಇನ್‌ಕಾಗ್ ಎಂಬ ಅಂತರರಾಷ್ಟ್ರೀಯ ತಜ್ಞರ ತಂಡ ಕೊಟ್ಟಿರುವ ಶಿಫಾರಸಿನ ಪ್ರಕಾರ, ದಿನನಿತ್ಯದ ಕೆಲಸದೊಂದಿಗೆ ಜೋಡಿಸದ ಕಂಪ್ಯೂಟರ್ ಅಭ್ಯಾಸಗಳನ್ನೇ ಮತ್ತೆ ಮತ್ತೆ ಮಾಡಿಸುವುದನ್ನು ನೆಚ್ಚಿಕೊಳ್ಳಬಾರದು. ಮಿದುಳಿನ ಆಟಗಳ ಆ್ಯಪ್ ಮಾರುವ ಲುಮೋಸಿಟಿ ಕಂಪನಿ ತನ್ನ ಜಾಹೀರಾತಿನಲ್ಲಿ ಹೇಳಿಕೊಂಡಿದ್ದ ಪ್ರಯೋಜನಗಳ ಕುರಿತ ಮೊಕದ್ದಮೆಯಲ್ಲಿ 2016ರಲ್ಲಿ ಅಮೆರಿಕದ ಗ್ರಾಹಕ ಹಿತರಕ್ಷಣಾ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್‌ಗೆ 20 ಲಕ್ಷ ಡಾಲರ್ ಕಟ್ಟಲು ಒಪ್ಪಿತು. ಥೆರಪಿಸ್ಟ್ ಹೇಳಿದ ಆ್ಯಪ್ ಇದ್ದರೆ ಹೇಳಿದಷ್ಟೇ ಹೊತ್ತು ಬಳಸಿ. ಕೊಡುವ ಮುನ್ನ ಹಣ ಪಾವತಿಯ ಆ್ಯಪ್‌ಗಳಿಲ್ಲದ ಫೋನ್ ಹುಡುಕಿಕೊಳ್ಳಿ. ತಡೆಯುವ ಶಕ್ತಿ ಕುಂದಿದವರ ಕೈಗೆ ಹಣ ಖರ್ಚು ಮಾಡಿಸುವ ಆಟಗಳ ಜಾಹೀರಾತು ಬರುವುದು ತಡವಾಗುವುದಿಲ್ಲ.

## ಪದೇ ಪದೇ ಕಾಣುವ ತಪ್ಪುಗಳು

ಬೇಕೆಂದೇ ಸೋತು ಗೆಲ್ಲಿಸುವುದು ಒಂದು. ವಯಸ್ಕರಿಗೆ ಅದು ತಿಳಿಯುತ್ತದೆ, ಅವಮಾನವಾಗುತ್ತದೆ. ಆಟವನ್ನು ಸುಲಭ ಮಾಡಿ, ಆಮೇಲೆ ನಿಜವಾಗಿ ಆಡಿ. ಮಕ್ಕಳ ಬಣ್ಣದ ಪುಸ್ತಕ, ಮಗುವಿಗೆ ಹೇಳುವ ದನಿ, "ಶಭಾಷ್ ಶಭಾಷ್" ಎಂಬ ಚಪ್ಪಾಳೆ ಇವೂ ಅದೇ ಜಾತಿಯವು.

ಬಂದ ನೆಂಟರೆದುರು "ನೋಡಿ, ಈಗ ಎಷ್ಟು ಚೆನ್ನಾಗಿ ಆಡುತ್ತಾರೆ" ಎಂದು ಪ್ರದರ್ಶನ ಇಡಬೇಡಿ. ಗುಂಪಿನ ಮಾತು, ಕಾಫಿ ಲೋಟದ ಸದ್ದು, ನಾಚಿಕೆ ಎಲ್ಲ ಸೇರಿ ಆಟ ಕೆಡುತ್ತದೆ, ಮರುದಿನ ಮಣೆಯ ಬಳಿ ಬರಲು ಒಪ್ಪುವುದಿಲ್ಲ.

ಅವರ ಸರದಿಯಲ್ಲಿ ನೀವು ಮಾತಾಡುವುದು ಮತ್ತೊಂದು. ಯೋಚನೆಯ ವೇಗ ಕುಂದಿದವರಿಗೆ ಉತ್ತರ ಹೊರಡಲು ಹೊತ್ತು ಹಿಡಿಯುತ್ತದೆ. ಮನಸ್ಸಿನಲ್ಲೇ ಹತ್ತು ಎಣಿಸುವವರೆಗೆ ತುಟಿ ಬಿಚ್ಚಬೇಡಿ.

ನಡೆಯುತ್ತ ಅಂತ್ಯಾಕ್ಷರಿ ಆಡಿಸುವುದು ಗಮನ ಹಂಚಲು ಒಳ್ಳೆಯ ಅಭ್ಯಾಸವೇ, ಆದರೆ ಫಿಸಿಯೋಥೆರಪಿಸ್ಟ್ ಒಪ್ಪಿದ ಮೇಲೆ ಮಾತ್ರ; ಪದ ಹುಡುಕುವ ಭರದಲ್ಲಿ ಕಾಲು ಎಡವಿ ಬಿದ್ದರೆ ಎರಡನೆಯ ಪೆಟ್ಟು ಮೊದಲಿನದಕ್ಕಿಂತ ದುಬಾರಿಯಾದೀತು.

## ಎಚ್ಚರಿಕೆಯ ಚಿಹ್ನೆಗಳು

ಆ ದಿನದ ಆಟ ನಿಲ್ಲಿಸಬೇಕಾದ ಚಿಹ್ನೆಗಳು: ಅದುವರೆಗೆ ಸರಿಯಿದ್ದ ಎಣಿಕೆ ತಪ್ಪತೊಡಗುವುದು, ಆಕಳಿಕೆ, ಕಣ್ಣುಜ್ಜುವುದು, ಹಣೆ ಒತ್ತಿಕೊಳ್ಳುವುದು, ಸಣ್ಣ ಮಾತಿಗೆ ರೇಗುವುದು. ಕತ್ತಲೆ ಕೋಣೆಯಲ್ಲಿ ಅರ್ಧ ಗಂಟೆ ಮಲಗಲಿ. ಮರುದಿನವೂ ದಣಿವು ಉಳಿದಿದ್ದರೆ ನಿನ್ನೆಯ ಅವಧಿಯನ್ನು ಅರ್ಧಕ್ಕೆ ಇಳಿಸಿ.

ವೈದ್ಯರಿಗೆ ತಿಳಿಸಬೇಕಾದವು: ವಾರವಿಡೀ ಯಾವ ಆಟಕ್ಕೂ ಮನಸ್ಸಿಲ್ಲದಿರುವುದು, ಅಳು, ನಿದ್ದೆಗೇಡು. ಇದನ್ನು ಸೋಮಾರಿತನವೆಂದು ಎಣಿಸಬೇಡಿ. ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆಯಿದೆ. ಫಿಟ್ಸ್‌ಗೆ ಕೊಡುವ ಲೆವೆಟಿರಾಸಿಟಮ್ ಕೆಲವರಲ್ಲಿ ಸಿಡುಕು ತರುತ್ತದೆ. ಮಾತ್ರೆ ಶುರುವಾದ ಮೇಲೆ ಸಿಡುಕು ಹೆಚ್ಚಿದ್ದರೆ ತಾರೀಖು ಸಮೇತ ಹೇಳಿ, ಆದರೆ ನೀವಾಗಿ ಮಾತ್ರೆ ನಿಲ್ಲಿಸಬೇಡಿ.

ಕೂಡಲೇ 108ಕ್ಕೆ ಕರೆ ಮಾಡಬೇಕಾದವು: ಹೆಚ್ಚುತ್ತಲೇ ಹೋಗುವ ತಲೆನೋವು, ಪದೇ ಪದೇ ವಾಂತಿ, ಎಬ್ಬಿಸಿದರೂ ಸರಿಯಾಗಿ ಏಳದ ಮಂಪರು, ಒಂದು ಪಕ್ಕದ ಕೈಕಾಲು ಸೋಲುವುದು, ಮಾತು ತೊದಲುವುದು, ಫಿಟ್ಸ್. ಮಿದುಳಿನ ಹೊದಿಕೆಯ ಕೆಳಗೆ ರಕ್ತ ನಿಧಾನವಾಗಿ ಸೇರುತ್ತ ಹೋಗಿ, ಪೆಟ್ಟಾದ ಎಷ್ಟೋ ವಾರಗಳ ನಂತರ ಲಕ್ಷಣ ತೋರುವುದುಂಟು, ಮುಖ್ಯವಾಗಿ ವಯಸ್ಸಾದವರಲ್ಲಿ ಮತ್ತು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ. ಅದರ ಮೊದಲ ಸುಳಿವು ಎಷ್ಟೋ ಸಲ ನಿಮ್ಮ ನೋಟ್‌ಬುಕ್ಕಿನಲ್ಲೇ ಸಿಗುತ್ತದೆ: ಮೂರು ವಾರ ಏರುತ್ತಿದ್ದವರು ಎರಡೇ ದಿನದಲ್ಲಿ ಎರಡು ಮೆಟ್ಟಿಲು ಕೆಳಗಿಳಿದಿದ್ದರೆ, ಮುಂದಿನ ಅಪಾಯಿಂಟ್‌ಮೆಂಟಿನವರೆಗೆ ಕಾಯದೆ ಅದೇ ದಿನ ಆ ಪುಟವನ್ನು ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ.